ಶ್ವಾನಕಂಠಾಧಿಕರಣಂ

ವಿಷಯ: ಅಜೆಕಾರಿನ ನಮ್ಮ ಮನೆಯ ನಾಯಿ ದಾಸು. ಉಪಾಧಿ: ಬೆಂಗಳೂರಿನಿಂದ ಮಗ ಕಳಿಸಿದ, ಅವನೆಲ್ಲಿದ್ದಾನೆಂದು ತಿಳಿಯಲು ಕೊರಳಿಗೆ ಕಟ್ಟುವ ಬ್ಲೂಟೂತ್ ಬಿಲ್ಲೆ. ಹಾಡಿಯಲ್ಲಿ ಚಿರತೆ ಕಂಡಿತೆಂಬ ಸುದ್ದಿಯೇ ಈ ಶಾಸ್ತ್ರದ ಉತ್ಪತ್ತಿಕಾರಣ. ಸಂಶಯ: ಬಿಲ್ಲೆಯ ಅಲೆಗಳಿಂದ ದಾಸುವಿಗೆ ಕ್ಯಾನ್ಸರ್ ಬಂದೀತೆ?

ಪೂರ್ವಪಕ್ಷ ಮಂಡಿಸಿದವರು ನೆರೆಮನೆಯ ಶೆಟ್ಟರು, ಕೀಪ್ಯಾಡ್ ಫೋನನ್ನು ಬಲಗಿವಿಗೆ ಒತ್ತಿಕೊಂಡೇ. "ರೇಡಿಯೇಶನ್ ಅಲ್ವಾ ಮಾರಾಯ್ರೆ? ಪಾಪ, ಮೂಕಪ್ರಾಣಿ!" ಅವರಿಗೆ ಪ್ರಮಾಣವೂ ಉಂಟು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ರೇಡಿಯೊ ಅಲೆಗಳನ್ನು 2ಬಿ, ಎಂದರೆ 'ಇದ್ದರೂ ಇರಬಹುದು' ಎಂಬ ಗುಂಪಿಗೆ ಸೇರಿಸಿದೆ. ಏಷ್ಯಾದ ಸಾಂಪ್ರದಾಯಿಕ ತರಕಾರಿ ಉಪ್ಪಿನಕಾಯಿಯೂ ಅದೇ ಪಂಕ್ತಿಯಲ್ಲಿ ಕೂತಿದೆ. ಶೆಟ್ಟರ ಅಟ್ಟದ ಭರಣಿಗಳನ್ನು ನೆನೆದು ನಾನು ಇದನ್ನು ಎತ್ತಲಿಲ್ಲ. ವಾದದಲ್ಲೂ ನೆರೆಹೊರೆಯ ಮರ್ಯಾದೆ ಎಂಬುದಿದೆ.

ಉತ್ತರಪಕ್ಷ. ಬಿಲ್ಲೆ ಆಗೀಗ ಪಿಸುಗುಡುವುದು ಕೆಲವೇ ಮಿಲಿವ್ಯಾಟ್‌ಗಳಲ್ಲಿ. ಜಿಪಿಎಸ್ ಇದರಲ್ಲಿಲ್ಲ; ಇದ್ದರೂ ಅದು ಸುಮಾರು 20,200 ಕಿಲೋಮೀಟರ್ ಎತ್ತರದ ಉಪಗ್ರಹಗಳ ಮಾತನ್ನು ಹೊಸ ಅಳಿಯನ ಹಾಗೆ ತಲೆತಗ್ಗಿಸಿ ಕೇಳಿಸಿಕೊಳ್ಳುತ್ತದೆ, ತಿರುಗಿ ಮಾತಾಡುವುದಿಲ್ಲ. ಶೆಟ್ಟರ ಜಿಎಸ್ಎಂ ಫೋನಾದರೋ 2 ವ್ಯಾಟ್‌ವರೆಗೆ ಕೂಗಬಲ್ಲದು. ಸಿಗ್ನಲ್ ಕುಂದಿದಷ್ಟೂ ಅದರ ದನಿ ಏರುತ್ತದೆ. ಘಟ್ಟದ ಬುಡದಲ್ಲಿ ನಿಂತು "ಹಲೋ, ಕೇಳ್ತದಾ?" ಎಂದು ಅರ್ಧ ಗಂಟೆ ಬೊಬ್ಬೆ ಹಾಕುವವರು ಯಾರು? ಬೇಲಿಯ ಆಚೀಚೆಯ ಎರಡು ಪ್ರಾಣಿಗಳಲ್ಲಿ ಸಂಶೋಧನೆಗೆ ಯೋಗ್ಯವಾದದ್ದು ದಾಸು ಅಲ್ಲ.

ಭಯವೇ ಬೇಕಿದ್ದರೆ ಬಿಲ್ಲೆಯ ಹೊಟ್ಟೆಯಲ್ಲಿದೆ: 20 ಮಿಲಿಮೀಟರಿನ ಲಿಥಿಯಂ ಬ್ಯಾಟರಿ. ನಾಯಿ ಅಗಿದು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಕೆಲವೇ ಗಂಟೆಗಳಲ್ಲಿ ಸುಟ್ಟುಹಾಕುತ್ತದೆ. ಮದ್ದುಗಿದ್ದು ಅಂತ ಕೂರದೆ ಪಶುವೈದ್ಯರಲ್ಲಿಗೆ ಓಡಬೇಕು. ಎರಡನೆಯದು ಬೆಲ್ಟು. ಎರಡು ಬೆರಳು ತೂರದಷ್ಟು ಬಿಗಿದರೆ, ನಮ್ಮ ಆಟಿ ತಿಂಗಳ ಮಳೆಯಲ್ಲಿ, ಅದರಡಿ ಹುಣ್ಣು. ಜೊತೆಗೆ ಉಣ್ಣಿಗಳಿಗೆ ಬೆಚ್ಚಗಿನ ಬಿಡಾರ. ಆದರೆ ಉಣ್ಣಿ ತಂತಿರಹಿತ ಅಲೆ ಬಿಡುವುದಿಲ್ಲವಾದ್ದರಿಂದ ಶೆಟ್ಟರಿಗೆ ಅದರಲ್ಲಿ ಆಸಕ್ತಿಯಿಲ್ಲ.

ಪ್ರಯೋಗ. ಮೊನ್ನೆ ದಾಸು ಕಾಣೆಯಾದ. ಈ ಬಿಲ್ಲೆಯ ಸುಳಿವು ಸಿಗಬೇಕಾದರೆ ಹತ್ತಿರ ಯಾರದಾದರೂ ಫೋನು ಹಾದುಹೋಗಬೇಕು. ಹಾಡಿಯ ಮಂಗಗಳೂ ನವಿಲುಗಳೂ ಇನ್ನೂ ಸ್ಮಾರ್ಟ್‌ಫೋನ್ ಕೊಂಡಿಲ್ಲ. ಹಾಗಾಗಿ ಬೆಳಿಗ್ಗೆ ಏಳಕ್ಕೆ ಪೇಟೆಯಲ್ಲಿ ಕಂಡವನನ್ನೇ ಮಗನ ಆ್ಯಪ್ ಸಂಜೆಯವರೆಗೂ ತೋರಿಸುತ್ತಿತ್ತು. ಅಷ್ಟರಲ್ಲಿ ಹೆಂಡತಿ ಅಂಗಳದ ಮೂಲೆಗೆ ಬೂತಾಯಿ ತೊಳೆದ ನೀರು ಚೆಲ್ಲಿದಳು. ಗುಡ್ಡೆ ಇಳಿದು ದಾಸು ಓಡಿ ಬಂದ.

ಕೊರಳಲ್ಲಿ ಬೆಲ್ಟು ಇರಲಿಲ್ಲ. ಈಗ ದಿನಾ ಸಂಜೆ ಅದನ್ನು ಹುಡುಕಲು ಹಾಡಿಗೆ ಹೋಗುತ್ತೇವೆ. ದಾಸು ದಾರಿ ತೋರಿಸುತ್ತಾನೆ.