ಧಕ್ಕೆ ಅಂದರೆ ದೋಣಿ ಕಟ್ಟುವ ಜಾಗ

“ಬೋಟುಗಳಿಗೆ ಧಕ್ಕೆ ಆಗಿದೆಯಂತೆ, ಪಾಪ!” ಅಂದರು ಬೇಲಿಯಾಚೆಯ ಅಕ್ಕ, ಕೈಯಲ್ಲಿ ಪೇಪರು. ಮೈಸೂರಿನಿಂದ ಮಂಗಳೂರಿಗೆ ಬಂದು ಎರಡು ತಿಂಗಳಾಗಿದೆ ಅವರಿಗೆ. ಇಣುಕಿ ನೋಡಿದೆ: ‘ಧಕ್ಕೆಯಲ್ಲಿ ಬೋಟುಗಳ ಸಾಲು’ ಅಂತ ಉಂಟು. ಏನೂ ಆಗಿಲ್ಲ ಮಾರಾಯ್ರೆ, ನಮ್ಮಲ್ಲಿ ಧಕ್ಕೆ ಅಂದರೆ ಬೋಟು ತಂದು ಕಟ್ಟುವ ಕಟ್ಟೆ. ಬೆಳಗಾದರೆ ಬಂಗುಡೆ, ಬೂತಾಯಿ ಮೀನಿಗೆ ಜನ ಹೋಗುವುದು ಅಲ್ಲಿಗೇ.

ಮರಾಠಿಯವರಿಗೂ ಹೀಗೆ ಎರಡು ಅರ್ಥ ಗೊತ್ತು. ಅವರ ‘ಧಕ್ಕಾ’ ತಳ್ಳುವುದೂ ಹೌದು, ಹಡಗುಕಟ್ಟೆಯೂ ಹೌದು. ಮುಂಬೈಯ ಭಾವುಚಾ ಧಕ್ಕಾ ಹೆಸರುವಾಸಿ. ಇನ್ನು ಪಡುಬಿದ್ರಿಯ ಢಕ್ಕೆಬಲಿ ಆಚರಣೆಯ ಢಕ್ಕೆ ಬೇರೆ, ಅದು ವಾದ್ಯ.

ಬೋಟು ದಡಕ್ಕೆ ಬರುವುದನ್ನು ಒಮ್ಮೆ ನಿಂತು ನೋಡಬೇಕು. ಇಂಜಿನ್ ಸದ್ದು ತಗ್ಗುತ್ತದೆ, ಮೂತಿ ನಿಧಾನ ತಿರುಗುತ್ತದೆ. ಮೇಲಿನಿಂದ ಒಬ್ಬ ಹಗ್ಗ ಎಸೆಯುತ್ತಾನೆ, ಕಟ್ಟೆಯವನು ಹಿಡಿದು ಗೂಟಕ್ಕೆ ಎರಡು ಸುತ್ತು ಹಾಕುತ್ತಾನೆ. ಆಮೇಲೆ ಬೋಟಿನ ಪಕ್ಕಕ್ಕೆ ಕಟ್ಟಿದ ಹಳೇ ಟಯರು ಗೋಡೆಗೆ ‘ಧಪ್’ ಅಂತ ತಾಗುತ್ತದೆ. ಆ ಮೆತ್ತನೆಯ ಧಕ್ಕೆಯ ಸದ್ದು ಕೇಳಿದರೆ ಬೋಟು ಊರು ಸೇರಿತು ಅಂತ ಲೆಕ್ಕ. ಹಗ್ಗವನ್ನು ಬಿಗಿದು ಕಟ್ಟುವ ಹಾಗೂ ಇಲ್ಲ. ಉಬ್ಬರಕ್ಕೆ ಬೋಟು ಏರಬೇಕು, ಇಳಿತಕ್ಕೆ ಇಳಿಯಬೇಕು. ಅಷ್ಟು ಸಡಿಲ ಬಿಡುವುದೇ ಕಸುಬು.

ಬಂದರು, ಲಂಗರು ಎರಡೂ ಪಾರಸಿಯಿಂದ ಬಂದ ಮಾತು. ಬಂದರು ಅಂದರೆ ಇಡೀ ತಾಣ. ಲಂಗರು ಹಾಕುವುದೆಂದರೆ ನೀರಿನ ನಡುವೆಯೇ ನಿಲ್ಲುವುದು. ಧಕ್ಕೆಗೆ ಬರುವುದೆಂದರೆ ನೆಲಕ್ಕೆ ಒರಗುವುದು. ಹಿಂದೆ ನೇತ್ರಾವತಿ, ಗುರುಪುರ ನದಿಗಳ ಅಳಿವೆಯಲ್ಲಿ ಮರಳು ತುಂಬಿ ದೊಡ್ಡ ಹಡಗು ಒಳಗೆ ಬರಲಾಗುತ್ತಿರಲಿಲ್ಲ. ಅವು ಹೊರಗೆ ಕಡಲಲ್ಲೇ ಲಂಗರು ಹಾಕುತ್ತಿದ್ದವು, ಸರಕು ಸಣ್ಣ ದೋಣಿಗಳಲ್ಲಿ ಧಕ್ಕೆಗೆ ಬರುತ್ತಿತ್ತು. ಪಣಂಬೂರಿನ ನವಮಂಗಳೂರು ಬಂದರು ಉದ್ಘಾಟನೆಯಾದದ್ದು 1975ರಲ್ಲಿ. ಅಲ್ಲಿ ಹಡಗು ಬಂದು ನಿಲ್ಲುವ ಜಾಗಕ್ಕೆ ಬರ್ತ್ ಅನ್ನುತ್ತಾರೆ. ಲಕ್ಷದ್ವೀಪಕ್ಕೆ ತರಕಾರಿ, ಜಲ್ಲಿ ಒಯ್ಯುವ ಮಂಜಿ ಎಂಬ ಸರಕು ದೋಣಿಗಳು ಇವತ್ತಿಗೂ ಅಳಿವೆಯ ಹಳೇ ಬಂದರಿನವೇ.

ಈಗೀಗ ಬೋರ್ಡುಗಳಲ್ಲಿ ಜೆಟ್ಟಿ ಅಂತ ಬರೆಯುತ್ತಾರೆ. ನನಗದು ಬೇಸರ. ಮೀನು ಹೊರುವವರು, ಐಸ್ ಒಡೆಯುವವರು, ಬಲೆ ಹೆಣೆಯುವವರು ದಿನಾ ಆಡುವ ಧಕ್ಕೆ ನಮ್ಮ ಪಾಠಪುಸ್ತಕಕ್ಕೂ ಬರಬೇಕು.

ಪೇಪರಿನ ಸಾಲೂ ಸರಿಯೇ ಉಂಟು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳು ಒಂದಕ್ಕೊಂದು ಕಟ್ಟಿಕೊಂಡು ನಿಂತಿವೆ. ಮಳೆಗೆ ಹಗ್ಗವೆಲ್ಲ ಉಬ್ಬಿ ಹಸಿರುಗಟ್ಟಿದೆ. ಅಕ್ಕನಿಗೆ ಹೇಳಿದ್ದೇನೆ, ಆಗಸ್ಟ್ ಒಂದಕ್ಕೆ ಬೇಗ ಏಳಿ, ಧಕ್ಕೆಗೆ ಹೋಗುವ. ಎರಡು ತಿಂಗಳ ಗಂಟು ಬಿಚ್ಚುವುದನ್ನು ನೋಡಬೇಕು.