ಹವಳಪ್ರತಿಷ್ಠಾ ಮೀಮಾಂಸೆ: ಲಿಂಕೋಪಿಂಗ್ ಗಾಜುಪೆಟ್ಟಿಗೆಯ ವಿಶೇಷ ಅಧ್ಯಯನ

1. ವಿಷಯಪ್ರವೇಶ

ಹವಳದ ಕೊಂಬೆಯಿಂದ ಕತ್ತರಿಸಿದ ಬೆರಳುದ್ದದ ತುಂಡನ್ನು ಸಾಕುವವರು ‘ಫ್ರ್ಯಾಗ್’ ಎನ್ನುತ್ತಾರೆ. ಅದನ್ನು ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಕಲ್ಲಿಗೆ ಅಂಟಿಸಿ ನಿಲ್ಲಿಸುವುದು ಹೇಗೆಂಬ ಪ್ರಶ್ನೆಯನ್ನು ವೇದಾಂತಿಗಳು ಎತ್ತಲಿಲ್ಲ, ವೈಯಾಕರಣರು ಮುಟ್ಟಲಿಲ್ಲ. ವಾಸ್ತುಪಂಡಿತರು ಈಶಾನ್ಯದಲ್ಲಿ ನೀರಿರಲಿ ಎಂದಷ್ಟೇ ಹೇಳಿ ಜಾರಿಕೊಂಡರು. ಈ ಘೋರ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

2. ಕ್ಷೇತ್ರವಿಚಾರ

ಸ್ವೀಡನ್ನಿನ ಲಿಂಕೋಪಿಂಗನ್ನೇ ಆಯ್ದುಕೊಂಡದ್ದೇಕೆ? ಹವಳಕ್ಕೂ ಆ ಊರಿಗೂ ಯಾವ ಸಂಬಂಧವೂ ಇಲ್ಲವೆಂಬ ಕಾರಣಕ್ಕೆ. ಸಂಶೋಧಕನಿಗೆ ಇದಕ್ಕಿಂತ ನಿಷ್ಪಕ್ಷಪಾತವಾದ ಕ್ಷೇತ್ರ ಸಿಗದು. ಊರೊಳಗಿನ ಸ್ಟೋಂಗೋನ್ ನದಿಯದು ಸಿಹಿನೀರು. ಪಕ್ಕದ ರೋಕ್ಸೆನ್ ಸರೋವರವೂ ಅಷ್ಟೇ. ಪೂರ್ವದ ಬಾಲ್ಟಿಕ್ ಸಮುದ್ರವನ್ನು ನಂಬೋಣವೆಂದರೆ ಅದರ ಒಂದು ಲೀಟರಿನಲ್ಲಿ ಸುಮಾರು ಏಳು ಗ್ರಾಂ ಉಪ್ಪು. ಹವಳ ಕೇಳುವುದು 35 ಗ್ರಾಂ. ಆದ್ದರಿಂದ ಯುದ್ಧವಿಮಾನ ಕಟ್ಟುವ ಈ ನಗರದಲ್ಲಿ ನೆಲೆಸಿದ ಕನ್ನಡದ ಎಂಜಿನಿಯರು ಶುದ್ಧೀಕರಿಸಿದ ನೀರಿಗೆ ಬಕೆಟ್ಟಿನಿಂದ ಉಪ್ಪು ಸುರಿದು, ಹೀಟರಿನಿಂದ 25 ಡಿಗ್ರಿಗೆ ಕಾಯಿಸಿ, ಸಮುದ್ರಸೃಷ್ಟಿಯನ್ನು ತಾನೇ ವಹಿಸಿಕೊಳ್ಳಬೇಕಾಗುತ್ತದೆ. ಡಿಸೆಂಬರಿನ ಹಗಲು ಆರೇಳು ಗಂಟೆಗಳಲ್ಲೇ ಮುಗಿಯುವುದರಿಂದ ಸೂರ್ಯನ ಹುದ್ದೆಯೂ ಖಾಲಿ. ನೀಲಿ ಎಲ್‌ಇಡಿ ಅದನ್ನು ಪ್ರಭಾರದಲ್ಲಿ ನೋಡಿಕೊಳ್ಳುತ್ತದೆ.

ಸ್ವೀಡನ್ನಿಗೆ ಹವಳ ಹೊಸದೆಂದು ಮಾತ್ರ ಭಾವಿಸಬಾರದು. ದೇಶದ ಪಶ್ಚಿಮ ತುದಿಯ ಕೊಸ್ಟರ್ ಕಡಲಿನ ಕತ್ತಲ ತಣ್ಣೀರಿನಲ್ಲಿ ಲೋಫೀಲಿಯಾ ಎಂಬ ಹವಳ ಈಗಲೂ ಬದುಕಿದೆ. 1758ರಲ್ಲಿ ಆ ಪ್ರಭೇದಕ್ಕೆ ಮೊದಲ ವೈಜ್ಞಾನಿಕ ಹೆಸರಿಟ್ಟವನು ಸ್ವೀಡನ್ನಿನವನೇ ಆದ ಲಿನೇಯಸ್. ಹವಳಗಳನ್ನು ‘ಹುಳು’ಗಳ ವರ್ಗಕ್ಕೆ ಸೇರಿಸಿ, ‘ಕಲ್ಲುಗಿಡ’ ಎಂಬ ಗಣದಲ್ಲಿಟ್ಟು, ಪ್ರಾಣಿ, ಸಸ್ಯ, ಕಲ್ಲು ಮೂರು ಪಕ್ಷಗಳಿಗೂ ಸೀಟು ಹಂಚಿದ ಆ ಮುತ್ಸದ್ದಿತನ ಇಂದಿನ ವಿಜ್ಞಾನಿಗಳಲ್ಲಿ ಕಾಣದು.

3. ಅಂಟುವಿಚಾರ

ಇಲ್ಲಿ ಮೂರು ಮತಗಳುಂಟು. ಒಂದೇ ಟ್ಯೂಬಿನ ಸೂಪರ್‌ಗ್ಲೂ ಜೆಲ್ ಸಾಕೆನ್ನುವವರು ಅದ್ವೈತಿಗಳು. 1942ರಲ್ಲಿ ಬಂದೂಕಿನ ಗುರಿನೋಟಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದ ಅಮೆರಿಕದ ಹ್ಯಾರಿ ಕೂವರ್ ತಂಡಕ್ಕೆ ಈ ಸಯನೋಅಕ್ರಿಲೇಟ್ ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆಂಬ ದೋಷಕ್ಕಾಗಿ ಅದನ್ನು ಬದಿಗಿಟ್ಟರು. 1958ರಲ್ಲಿ ಅದೇ ದೋಷ ಗುಣವೆಂದು ಮಾರಾಟಕ್ಕೆ ಬಂತು. ಗಾಳಿಯ ತೇವವೇ ಸಾಕು, ಅದು ಗಟ್ಟಿಯಾಗುತ್ತದೆ. ನೀರೊಳಗೂ ಹಿಡಿಯುವ ಗುಟ್ಟು ಇದೇ.

ಎರಡು ಭಾಗಗಳನ್ನು ಕಲಸುವ ಎಪಾಕ್ಸಿ ಪುಟ್ಟಿಯವರು ದ್ವೈತಿಗಳು. ನಾದಿ ನಾದಿ ಎರಡೂ ಒಂದಾದ ಮೇಲೂ ದ್ವೈತ ಉಳಿಯಿತೇ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿಲ್ಲ. ಅಷ್ಟರಲ್ಲಿ ಪುಟ್ಟಿ ಬಿಗಿದಿರುತ್ತದೆ. ಅಂಟು, ಪುಟ್ಟಿ, ಮತ್ತೆ ಅಂಟು ಎಂದು ಪದರ ಕಟ್ಟುವವರು ವಿಶಿಷ್ಟಾದ್ವೈತಿಗಳು. ಭಾರದ ತುಂಡುಗಳ ವಿಷಯದಲ್ಲಿ ಗೆಲುವು ಬಹುಪಾಲು ಇವರದೇ.

ಪ್ರಯೋಗವಿಧಿ: ತುಂಡಿನ ಬುಡದ ನೀರನ್ನು ಟಿಶ್ಯೂವಿನಿಂದ ಒತ್ತಿ ಒರೆಸಿ, ಕಡಲೆಗಾತ್ರದ ಜೆಲ್ ಇಟ್ಟು, ಸೆರಾಮಿಕ್ ಪ್ಲಗ್ಗಿನ ಮೇಲೆ ಕೂರಿಸಿ, ನೀರಿನಲ್ಲಿ ಅದ್ದಿ ಹಿಡಿಯತಕ್ಕದ್ದು. ಕೈಗವಸಿಲ್ಲದವರ ಉಂಗುರದ ಬೆರಳಿಗೇ ಹವಳ ಅಂಟುವ ಸಂಭವವಿದೆ. ಕುಜದೋಷವುಳ್ಳವರು ಇದನ್ನು ಅಕ್ಕಸಾಲಿಗನ ಖರ್ಚಿಲ್ಲದ ಪರಿಹಾರವೆಂದು ಸಂಭ್ರಮಿಸುವಂತಿಲ್ಲ: ಒಡವೆಯ ಕೆಂಪು ಹವಳದ ಕುಲವೇ ಬೇರೆ. ಕೈಗವಸು ಬೇಕೆನ್ನುವುದಕ್ಕೆ ನಗುವಂತಿಲ್ಲದ ಕಾರಣವೂ ಇದೆ. ಹವಳದ ಸಂಬಂಧಿಗಳಾದ ಕೆಲವು ಜೊಯಾಂಥಿಡ್‌ಗಳಲ್ಲಿ ಪಾಲಿಟಾಕ್ಸಿನ್ ಎಂಬ ಉಗ್ರ ವಿಷವಿರುತ್ತದೆ. ಅವನ್ನು ಕತ್ತರಿಸುವಾಗ ಕಣ್ಣಿಗೂ ರಕ್ಷಣೆ ಬೇಕು.

4. ಸ್ಥಾನನಿರ್ಣಯ

ಅಕ್ರೊಪೊರಾ ಹವಳಕ್ಕೆ ಪ್ರಖರ ಬೆಳಕು, ಬಿರುಸಿನ ಹರಿವು ಬೇಕು. ಅದಕ್ಕೆ ಮೇಲಿನ ಆಸನ. ಯೂಫಿಲಿಯಾ ಹವಳ ಉದ್ದನೆಯ ಕುಟುಕುಬಾಹುಗಳನ್ನು ಚಾಚಿ ನೆರೆಯವರನ್ನು ಸುಡುವುದರಿಂದ ಅದರ ಸುತ್ತ ಖಾಲಿ ಜಾಗ ಬಿಡಬೇಕು. ಹಂಚಿ ಉಣ್ಣುವ ನೀತಿಪಾಠ ಅದಕ್ಕಿನ್ನೂ ತಲುಪಿಲ್ಲ.

5. ಪೂರ್ವಪಕ್ಷ

ಸ್ವೀಡನ್ನಿನ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿ ಅಭ್ಯರ್ಥಿ ತುಂಬಿದ ಸಭೆಯಲ್ಲಿ ನೇಮಿತ ಎದುರಾಳಿಯೊಬ್ಬರಿಗೆ ಉತ್ತರ ಕೊಡಬೇಕು. ಅಕ್ವೇರಿಯಂನಲ್ಲಿ ಆ ಹುದ್ದೆ ಟರ್ಬೊ ಬಸವನಹುಳುವಿನದು. ಅದು ಪ್ರಶ್ನೆ ಕೇಳುವುದಿಲ್ಲ; ರಾತ್ರಿ ಬಂದು ಫ್ರ್ಯಾಗನ್ನು ಮರಳಿಗೆ ತಳ್ಳಿ ಹೋಗುತ್ತದೆ. ತೀರ್ಪನ್ನು ಬೆಳಿಗ್ಗೆ ಓದಿಕೊಳ್ಳಬಹುದು.

ಇನ್ನೊಂದು ಆಕ್ಷೇಪ ಕವಿಗಳದು: ಕಿತ್ತು ನೆಟ್ಟ ಹವಳವೇ ವಲಸಿಗನಲ್ಲವೇ? ಅಲ್ಲ. ಹವಳ ಸ್ವೀಡನ್ನಿಗೆ ತೆರಿಗೆ ಕಟ್ಟುವುದಿಲ್ಲ, ಭಾಷೆಯ ತರಗತಿಗೆ ಹೋಗುವುದಿಲ್ಲ, ಊರಿನಿಂದ ಚಟ್ನಿಪುಡಿ ತರಿಸುವುದಿಲ್ಲ. ಅದನ್ನೇ ಊರಿನಿಂದ ತರಿಸುವಂತೆಯೂ ಇಲ್ಲ: ನೇತ್ರಾಣಿ ದ್ವೀಪದ ಹವಳವನ್ನು ಚಟ್ನಿಪುಡಿಯ ಜೊತೆ ಕಟ್ಟಿದವರನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆ ವಿಚಾರಿಸಿಕೊಳ್ಳುತ್ತದೆ.

6. ಸಿದ್ಧಾಂತ

ಮಶ್ರೂಮ್ ಹವಳದ ಮೈ ಲೋಳೆಯಾದ್ದರಿಂದ ಅದು ಮೂರೂ ಮತಗಳ ಅಂಟನ್ನು ತಿರಸ್ಕರಿಸುತ್ತದೆ. ಕಲ್ಲಿನ ಚೂರುಗಳಿರುವ ಬಟ್ಟಲಲ್ಲಿಟ್ಟು ಮೇಲೆ ಬಲೆ ಮುಚ್ಚಿ ಸುಮ್ಮನಿದ್ದರೆ, ದಿನಗಳುರುಳಿದಂತೆ ತಾನೇ ಕಚ್ಚಿಕೊಳ್ಳುತ್ತದೆ. ಅಕ್ರೊಪೊರಾ ಕೂಡ ವಾರಗಳಲ್ಲಿ ತನ್ನ ಮಾಂಸವನ್ನೂ ಸುಣ್ಣವನ್ನೂ ಅಂಟಿನ ಮೇಲೆ ಹರಡಿ, ನಮ್ಮ ಕೆಲಸದ ಗುರುತನ್ನೇ ಅಳಿಸುತ್ತದೆ. ಆದ್ದರಿಂದ ಅಂಟಿಸುವುದು ಹವಳ. ಅಂಟು ಕೇವಲ ಹಂಗಾಮಿ ನೌಕರ. ಸಾಕುವವನ ಕರ್ತವ್ಯ ಕೈ ತೆಗೆಯುವುದು. ಎರಡು ದಿನಕ್ಕೊಮ್ಮೆ ತುಂಡನ್ನು ಕಿತ್ತು ‘ಇನ್ನೂ ಒಂದಿಂಚು ಎಡಕ್ಕೆ’ ಎನ್ನುವವರಿಗೆ ಮೋಕ್ಷವಿಲ್ಲ.

ಫಲಶ್ರುತಿ: ಈ ಪ್ರಬಂಧವನ್ನು ನಿತ್ಯ ಪಠಿಸುವವರ ಅಕ್ವೇರಿಯಂನಲ್ಲಿ ಕ್ಯಾಲ್ಸಿಯಂ ಇಳಿಯದು, ಬಸವನಹುಳು ದಾರಿ ಬಿಡುವುದು, ಕರೆಂಟ್ ಬಿಲ್ಲು ಕಂಡು ಮನೆಯವರು ಸಿಡುಕರು. ನೀರು ಬದಲಿಸುವ ಕೆಲಸ ಮಾತ್ರ ಪಾರಾಯಣದಿಂದ ಆಗುವಂಥದ್ದಲ್ಲ.