ಗಾಡಿಯ ಗುಪ್ತದಾಹ

ಭಾನುವಾರ ತುಂಬಿಸಿದ ಕೂಲಂಟು ಗುರುವಾರಕ್ಕೆ ಮಾಯ. ಕಾರಿನಡಿ ಒಂದು ಹನಿಯೂ ಇಲ್ಲ. "ಹೆಡ್ ಗ್ಯಾಸ್ಕೆಟ್ ಹೋಗಿದೆ, ಮಾರಿಬಿಡಿ" ಎಂದರು ಎದುರುಮನೆ ರಾಯರು. ಅವರಿಗೆ ಎಲ್ಲ ಕಾಯಿಲೆಗೂ ಅದೊಂದೇ ಔಷಧಿ. ಗ್ಯಾಸ್ಕೆಟ್ ಹೋಗಿದ್ದರೆ ಸೈಲೆನ್ಸರಿನಲ್ಲಿ ಬಿಳಿ ಹೊಗೆಯೋ, ಆಯಿಲ್ಲಿಗೆ ಹಾಲುಕಾಫಿ ಬಣ್ಣವೋ ಸಾಮಾನ್ಯವಾಗಿ ಕಾಣಬೇಕು. ಎರಡೂ ಇರಲಿಲ್ಲ.

ಗ್ಯಾರೇಜಿನವನು ತಣ್ಣಗಿನ ಇಂಜಿನ್ನಿನ ರೇಡಿಯೇಟರಿಗೆ ಕೈಪಂಪು ಸಿಕ್ಕಿಸಿ 15 ಪಿಎಸ್‌ಐ ಒತ್ತಡ ಏರಿಸಿದ. ಬಿಸಿ ಇಂಜಿನ್ನಿನ ಮೇಲೆ ಸೋರಿದ್ದು ಅಲ್ಲೇ ಆವಿಯಾಗಿ ಸಾಕ್ಷಿಯೇ ಉಳಿಯುವುದಿಲ್ಲವಂತೆ. ಮೀಟರಿನ ಮುಳ್ಳು ಮೆಲ್ಲಗೆ ಇಳಿಯಿತು. ವಾಟರ್ ಪಂಪಿನಡಿಯ ಪುಟ್ಟ ತೂತಿನಿಂದ ಹಸಿರು ಹನಿ ಇಣುಕಿತು. ಒಳಗಿನ ಸೀಲು ಸತ್ತದ್ದನ್ನು ಚಾಡಿ ಹೇಳಲೆಂದೇ ಇಟ್ಟ ತೂತು ಅದು!

ಪಂಪು ಹೊಸದಾಯಿತು. ಹೇಗೂ ಬಿಚ್ಚಿದ್ದೇವಲ್ಲ ಎಂದು ಟೈಮಿಂಗ್ ಬೆಲ್ಟೂ ಹೊಸದಾಯಿತು. ಬಿಲ್ಲು ನೋಡಿ ನನಗೆ ಇಳಿದ ಬೆವರಿಗೆ ಮಾತ್ರ ಅಂಗಡಿಯಲ್ಲಿ ಯಾವ ಸೀಲೂ ಸಿಗಲಿಲ್ಲ.